ಹದಿನಾಲ್ಕು ಸಲ ಮೇಲಕ್ಕೆ

ರಾತ್ರಿಯ ತಂಪನ್ನು ಕೂಡಿಟ್ಟು ಹಗಲು ಹಂಚಬಹುದೆಂದು ಗೊತ್ತಾಗದೇ ಹೋಗಿದ್ದರೆ ಬಂಡೆವಾಡಿ ಎಂಬ ಊರು ಇಷ್ಟೊತ್ತಿಗೆ ಇರುತ್ತಿರಲಿಲ್ಲ. ಬೇಸಿಗೆಯ ಬಿಸಿಲು ಐವತ್ತು ಡಿಗ್ರಿಗೆ ಬಂದು ನಿಂತ ವರ್ಷಗಳಲ್ಲಿ ಅಲ್ಲಿನ ಅರ್ಧ ಜನ ಗಂಟು ಕಟ್ಟಿ ಕೂತಿದ್ದರು. ಆಗ ಎಲ್ಲೋ ಯಾರೋ ಒಂದು ಹಾಳೆ ಕಂಡುಹಿಡಿದರು. ಕನ್ನಡಿಯಂತೆ ಹೊಳೆಯುವ ತೆಳ್ಳನೆಯ ಹಾಳೆ. ತನಗೆ ತಾಗಿದ ಬಿಸಿಯನ್ನು ಗಾಳಿಗೆ ಬಿಡದೆ ಸೀದಾ ಆಕಾಶದ ಆಚೆಗೆ ಎಸೆಯುವುದು ಅದರ ಗುಣ. ರಾತ್ರಿಯಿಡೀ ಅದರ ಅಡಿಯಲ್ಲಿ ನೀರು ಹರಿಸಿದರೆ ಬೆಳಗಿನ ಹೊತ್ತಿಗೆ ಆ ನೀರಿನಲ್ಲಿ ಕೈಯಿಟ್ಟವನ ಬೆರಳು ಸೆಟೆಯುತ್ತಿತ್ತು.

ನೀರು ಹಿಡಿದಿಡಲು ಜಾಗ ಹುಡುಕಬೇಕಾಗಲಿಲ್ಲ. ನೂರು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಗಣಿಗಳು ಊರ ಸುತ್ತ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅವಕ್ಕೆ ಮುಚ್ಚಳ ಹಾಕಿದರು. ಅಲ್ಲಿಂದ ಪ್ರತಿ ಮನೆಯ ಫರಸಿ ನೆಲದ ಕೆಳಗೆ ಕೊಳವೆ ಎಳೆದರು. ಎಲ್ಲರಿಗೂ ಒಮ್ಮೆಗೇ ಕೊಡುವಷ್ಟು ತಂಪು ಇಲ್ಲದ್ದಕ್ಕೆ ಏಳು ವಾರ್ಡಿಗೆ ಏಳು ಪಾಳಿ ಕಟ್ಟಿದರು. ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ, ಒಂದೊಂದಕ್ಕೆ ಒಂದೂವರೆ ಗಂಟೆ. ಒಮ್ಮೆ ತಣಿದ ಕಲ್ಲು ಸಂಜೆಯವರೆಗೆ ತಣ್ಣಗಿರುತ್ತಿತ್ತು.

ಪ್ರತಿ ವಾರ್ಡಿಗೂ ಒಬ್ಬ ವಾಲ್ವ್‌ಮನ್ ಇದ್ದ. ಪಾಳಿಯ ಹೊತ್ತಿಗೆ ಅವನು ಕೊಳವೆಗೆ ಕಿವಿ ಹಚ್ಚುತ್ತಿದ್ದ. ಒಳಗೆ ನೀರಿನ ಸದ್ದು ಕೇಳಿದ ಮೇಲೆ ಓಣಿಯ ಬಾಯಿಗೆ ನಿಂತು "ಬಂತು" ಎಂದು ಕೂಗುತ್ತಿದ್ದ. ಅವನ ಕೂಗು ಕೇಳುವ ತನಕ ಜನ ಬಾಗಿಲು ತೆರೆದಿಟ್ಟುಕೊಂಡು ಇದ್ದಷ್ಟು ಗಾಳಿಗೆ ಮುಖ ಕೊಟ್ಟು ಕೂತಿರುತ್ತಿದ್ದರು. ಕೂಗು ಬಿದ್ದ ಕೂಡಲೇ ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲ ಮುಚ್ಚಿ, ಚಾಪೆಯನ್ನೂ ಹಾಸದೆ ಬರಿ ನೆಲಕ್ಕೆ ಬೆನ್ನು ಕೊಡುತ್ತಿದ್ದರು. ಹನ್ನೆರಡು ವರ್ಷದಿಂದ ಹೀಗೇ ನಡೆದಿತ್ತು. ಆ ಕೂಗನ್ನು ಯಾರೂ ಒಮ್ಮೆಯೂ ಅನುಮಾನಿಸಿರಲಿಲ್ಲ.

ನೀರು ಬಿಡುವವನು ಮಾತ್ರ ಬೇರೆ ಕಡೆ ಇರುತ್ತಿದ್ದ. ಗಣಿಯ ದಡದ ಮೇಲಿನ ಕಂಟ್ರೋಲ್ ರೂಮಿನಲ್ಲಿ, ಒಂದು ಲಿನಕ್ಸ್ ಕಂಪ್ಯೂಟರಿನ ಕಪ್ಪು ಟರ್ಮಿನಲ್ ಎದುರು ಕೂತಿರುತ್ತಿದ್ದ ಅಂಬಾರಾಯ. ವಯಸ್ಸು ಇಪ್ಪತ್ತಾರು, ಮೂಗಿನ ತುದಿಯಲ್ಲೇ ಸಿಟ್ಟು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಇಂಗ್ಲಿಷ್ ಮೇಷ್ಟ್ರು ನಾಲ್ಕು ಅಕ್ಷರದ ಪದವೊಂದನ್ನು ಬೋರ್ಡಿನ ಮೇಲೆ ಬರೆಸಲು ನಿಲ್ಲಿಸಿ, ಅವನಿಗೆ ಬಾರದೇ ಹೋದಾಗ, ಇಡೀ ತರಗತಿಯನ್ನು ಸಾಲಾಗಿ ಎಬ್ಬಿಸಿ ಒಬ್ಬೊಬ್ಬರಿಂದ ಅವನ ತಲೆಗೆ ಮೊಟಕಿಸಿದ್ದರು. ಮರುದಿನ ಅವನು ಶಾಲೆಯ ಬದಲು ಫರಸಿ ಪಾಲಿಶ್ ಮಾಡುವ ಶೆಡ್ಡಿಗೆ ಹೋದ. ಅಂದಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಸಿಕೊಳ್ಳಲು ಅವನೂ ಮನಸ್ಸು ಮಾಡಿರಲಿಲ್ಲ.

ಹದಿನೆಂಟು ತುಂಬಿದ ಮೇಲೆ, ಈ ನೀರು ಹಂಚುವ ತಂಪು ಮಂಡಳಿಯಲ್ಲಿ ವಾಲ್ವ್ ಕೆಲಸಕ್ಕೆ ಸೇರಿದ. ನಾಲ್ಕನೇ ವಾರ್ಡಿನ ಲಾಡ್ಲೇಸಾಬ್ ಎಂಬ ಹಿರಿಯನ ಕೈಕೆಳಗೆ ಕೊಳವೆಯ ಮಾತು ಕಲಿತ. ಕೈ ಚುರುಕಾಗಿತ್ತು. ಕಂಟ್ರೋಲ್ ರೂಮಿನವನು ಕೆಲಸ ಬಿಟ್ಟು ಹೋದಾಗ, ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದ. ಬರುತ್ತಿರಲಿಲ್ಲ.

ಆದರೆ ಒಂದನ್ನು ಅವನು ಬೇಗ ಕಂಡುಕೊಂಡ. ಟರ್ಮಿನಲ್‌ನಲ್ಲಿ ಮೇಲ್ಮುಖದ ಬಾಣದ ಗುಂಡಿ ಒತ್ತಿದರೆ ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ತಾವೇ ಬಂದು ನಿಲ್ಲುತ್ತವೆ, ಎಂಟರ್ ಒತ್ತಿದರೆ ಮತ್ತೆ ನಡೆಯುತ್ತವೆ. ಏಳು ವಾರ್ಡು, ಒಂದೊಂದಕ್ಕೆ ತೆರೆಯುವ ಆಜ್ಞೆ ಒಂದು, ಮುಚ್ಚುವುದು ಒಂದು. ದಿನಕ್ಕೆ ಹದಿನಾಲ್ಕು. ದಿನಾಲೂ ಅದೇ ಹದಿನಾಲ್ಕು, ಅದೇ ಸರತಿಯಲ್ಲಿ. ಹಾಗಾದರೆ ಈಗ ಬೇಕಾದ ಆಜ್ಞೆ ಯಾವಾಗಲೂ ಹದಿನಾಲ್ಕು ಮೆಟ್ಟಿಲು ಮೇಲೆ, ನಿನ್ನೆ ಇದೇ ಹೊತ್ತಿನಲ್ಲಿ ಕೂತಿರುತ್ತದೆ. ಹದಿನಾಲ್ಕು ಸಲ ಮೇಲಕ್ಕೆ, ಸಾಲಿನ ಕೊನೆಯ ಅಂಕಿ ವಾರ್ಡಿನದೇ ಎಂದು ಒಮ್ಮೆ ನೋಡಿ, ಎಂಟರ್. ಮೂರು ವರ್ಷ ಅವನು ಒಂದೇ ಒಂದು ಅಕ್ಷರ ಟೈಪ್ ಮಾಡದೆ ಇಡೀ ಊರಿಗೆ ತಂಪು ಹಂಚಿದ. ನಡುವಿನ ಇಂಗ್ಲಿಷ್ ಅಕ್ಷರಗಳು ಬಿಡಿಯಾಗಿ ಗುರುತಿದ್ದರೂ ಅವನ ಪಾಲಿಗೆ ಬಾಗಿಲ ಮೇಲಿನ ಕೆತ್ತನೆಯಿದ್ದಂತೆ, ಇರುತ್ತವೆ, ಓದಬೇಕಾಗಿಲ್ಲ.

ಮನೆಯಲ್ಲಿ ಹೆಂಡತಿ ಶಿವಲೀಲಾ. ಪಿಯುಸಿ ಮುಗಿಸಿದವಳು. ಓಣಿಯವರು ಆನ್‌ಲೈನ್ ಅರ್ಜಿ ಹಿಡಿದುಕೊಂಡು 'ಕಂಪ್ಯೂಟರ್ ಸಾಹೇಬರು ಅದಾರೇನು' ಎಂದು ಬಂದರೆ, ಡ್ಯೂಟಿಯಿಂದ ಬಂದವನಿಗೆ ಕಣ್ಣುರಿ ಎಂದು ಅವಳೇ ಅವರನ್ನು ಕೂರಿಸಿಕೊಂಡು ತುಂಬಿಕೊಡುತ್ತಿದ್ದಳು. ಅಂಬಾರಾಯ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ಆ ಸೋಮವಾರ ಎಂಜಿನಿಯರ್ ವಸುಧಾ ಮೇಡಂ ಕಂಪ್ಯೂಟರಿಗೆ ಏನೋ ಹೊಸದು ಹಾಕಿದರು. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. ಕರೆಂಟು ಹೋದರೂ ಕೆಲಸ ಅಳಿಸಿಹೋಗದಂತೆ ಟರ್ಮಿನಲ್ಲಿನ ಒಳಗೆ ಇನ್ನೊಂದು ಟರ್ಮಿನಲ್ ಕೂರಿಸಿದ್ದೇನೆ, ಏನಾದರೂ ತೊಂದರೆಯಾದರೆ ಹೇಳಿ ಎಂದರು.

ತೊಂದರೆ ಅಂದೇ ಆಯಿತು. ಕೊಳವೆಗಳ ಒತ್ತಡದ ಲೆಕ್ಕವನ್ನು ಯಂತ್ರ ಆಗಾಗ ತಾನೇ ಬರೆದು ಮೇಲಕ್ಕೆ ತಳ್ಳುತ್ತದೆ. ಮೇಲೆ ಹೋದದ್ದನ್ನು ನೋಡಬೇಕೆಂದರೆ ಅಂಬಾರಾಯ ಮೌಸಿನ ಗಾಲಿ ತಿರುಗಿಸುತ್ತಿದ್ದ, ಪರದೆ ಸರಿಯುತ್ತಿತ್ತು. ಈಗ ಗಾಲಿ ತಿರುಗಿಸಿದರೆ ಪರದೆ ಕದಲದು. ಕೆಳಗಿನ ಸಾಲಿನಲ್ಲಿ ಮಾತ್ರ ಏನೋ ಪಟಪಟ ಬದಲಾಗುತ್ತದೆ. ಮೌಸು ಕುಟ್ಟಿದ. ವೈರು ಕಿತ್ತು ಹಾಕಿದ. ಪಕ್ಕದ ಕೋಣೆಯ ಮೌಸು ತಂದು ಚುಚ್ಚಿ ನೋಡಿದ. ಅದೂ ಅಷ್ಟೇ.

ಸಂಜೆ ಮೇಡಂ ಬಾಗಿಲಲ್ಲಿ ನಿಂತು ಎಲ್ಲ ಸರಿಯಿದೆಯಾ ಎಂದರು. ಇಲ್ಲವೆಂದರೆ ಅವರು ಪಕ್ಕಕ್ಕೆ ಕೂತು, ಎಲ್ಲಿ, ಇದನ್ನ ಟೈಪ್ ಮಾಡಿ ನೋಡೋಣ ಅನ್ನುತ್ತಾರೆ. ಅವನ ಬೆರಳು ಕೀಲಿಮಣೆಯ ಮೇಲೆ ಅಲೆಯುವುದನ್ನು ನೋಡುತ್ತಾರೆ. ಅಂಬಾರಾಯನ ತಲೆಯ ಮೇಲೆ ಮೊಟಕಿದ ಅಷ್ಟೂ ಕೈಗಳು ಒಮ್ಮೆಲೇ ಎದ್ದವು.

"ಎಲ್ಲಾ ಬರೋಬರಿ ಅದ್ರಿ ಮೇಡಂ," ಅಂದ.

ಗುರುವಾರ ಬಿಸಿಲು ನಲವತ್ತೊಂಬತ್ತು. ಹನ್ನೆರಡೂವರೆಗೆ ನಾಲ್ಕನೇ ವಾರ್ಡಿನ ಪಾಳಿ. ಅದಕ್ಕೆ ಮೊದಲು ಒತ್ತಡ ಎಷ್ಟಿದೆ ನೋಡಬೇಕೆಂದು ಅಂಬಾರಾಯನ ಬೆರಳು ಅಭ್ಯಾಸದಿಂದ ಗಾಲಿಗೆ ಹೋಯಿತು. ಪರದೆ ಸರಿಯಲಿಲ್ಲ. ಸಿಟ್ಟಿನಿಂದ ಮತ್ತೆ ಮತ್ತೆ ತಿರುಗಿಸಿದ. ಮೌಸನ್ನು ಅತ್ತ ನೂಕಿ, ಒತ್ತಡ ಹಾಳಾಗಿಹೋಗಲಿ ಎಂದುಕೊಂಡು, ಬಾಣದ ಗುಂಡಿಯನ್ನು ಹದಿನಾಲ್ಕು ಸಲ ಒತ್ತಿದ. ಸಾಲಿನ ಕೊನೆಯಲ್ಲಿ ನಾಲ್ಕು ಇತ್ತು. ಎಂಟರ್. 'ಓಕೆ' ಎಂದು ಬಂತು.

ಐದು ನಿಮಿಷಕ್ಕೆ ಲಾಡ್ಲೇಸಾಬನ ಫೋನು. ಕೊಳವೆಯಲ್ಲಿ ಸದ್ದಿಲ್ಲ ಎಂದ. ಬರುತ್ತದೆ, ತಡೆಯಿರಿ ಎಂದ ಅಂಬಾರಾಯ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನು. ಓಣಿಯವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಇನ್ನೊಮ್ಮೆ ನೋಡಪ್ಪ ಎಂದ. ಪರದೆಯ ಮೇಲೆ 'ಓಕೆ' ಎದ್ದು ಕಾಣುತ್ತಿತ್ತು. ಮೂರನೆಯ ಫೋನಿಗೆ ಅಂಬಾರಾಯ ಸಿಡಿದ.

"ಕಾಕಾ, ನಾ ಬಿಟ್ಟೀನ್ರಿ. ಓಕೆ ಅಂತ ಬಂದದ. ನಿಮ್ ಕಿವಿಗೆ ವಯಸ್ಸಾಗ್ಯಾದ, ಅದಕ್ಕ ನಾ ಏನ್ ಮಾಡ್ಲಿ? ಸುಮ್ನ ಹೋಗಿ ಕೂಗ್ರಿ."

ಆ ಕಡೆಯಿಂದ ಫೋನಿಟ್ಟ ಸದ್ದು.

ಲಾಡ್ಲೇಸಾಬ್ ಓಣಿಯ ಬಾಯಿಗೆ ಹೋಗಿ ಕೂಗಿದ. ನಾಲ್ಕನೇ ವಾರ್ಡಿನ ಇನ್ನೂರು ಮನೆಗಳು ಬಾಗಿಲು ಹಾಕಿಕೊಂಡವು.

ಕಲ್ಲು ತಣಿಯಲು ಅರ್ಧ ತಾಸು ಬೇಕೆಂಬುದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಕಾದರು. ಮುಕ್ಕಾಲು ತಾಸಾದ ಮೇಲೆ ಮಕ್ಕಳು ಅಳಲು ಹತ್ತಿದ ಮನೆಗಳು ಮೊದಲು ತೆರೆದುಕೊಂಡವು. ಒಬ್ಬೊಬ್ಬರಾಗಿ ಹೊರಬಂದು ಲಾಡ್ಲೇಸಾಬನನ್ನು ಬೈದರು. ಅವನು ಓಡಿಹೋಗಿ, ಕೀಲಿ ಹುಡುಕುತ್ತ ಕೂರದೆ ಬೀಗ ಒಡೆದು, ಯಂತ್ರ ತೆರೆಯುವ ಅದೇ ವಾಲ್ವನ್ನು ಕೈಯಿಂದ ತಿರುವಿ ನೀರು ಬಿಟ್ಟ. ಅಷ್ಟರಲ್ಲಿ ಒಂದು ಮನೆ ಮಾತ್ರ ತೆರೆದಿಲ್ಲವೆಂದು ಯಾರೋ ಹೇಳಿದರು. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಕಾಶೀಬಾಯಿಯ ಮನೆ. ಬೆಳಗಿನ ನಾಲ್ಕರಿಂದ ಒಲೆಯ ಮುಂದೆ ಕೂತವಳು, ಕೂಗು ಕೇಳಿ ಬಾಗಿಲು ಹಾಕಿ ನೆಲಕ್ಕೆ ಬಿದ್ದದ್ದೇ ನಿದ್ದೆ ಹೋಗಿದ್ದಳು. ಬಾಗಿಲು ಮುರಿದು ಎತ್ತಿಕೊಂಡು ಹೋದರು. ಸಂಜೆ ಎಚ್ಚರ ಬಂತು. ಮಾತು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ವಸುಧಾ ಮೇಡಂ ಕಂಟ್ರೋಲ್ ರೂಮಿಗೆ ಬಂದು ಕೇಳಿದ್ದು ಒಂದೇ ಮಾತು, ನೀರು ಬಿಟ್ಟಿದ್ದಿರಾ. ಬಿಟ್ಟಿದ್ದೆ ಎಂದ ಅಂಬಾರಾಯ. ಅವನು ಹಾಗೆಂದೇ ನಂಬಿದ್ದ. ಮೇಡಂ ಮಂಡಳಿಯ ದಾಖಲೆ ನೋಡಿದರು. ಹನ್ನೆರಡೂವರೆ, ನಾಲ್ಕನೇ ವಾರ್ಡು, ಓಕೆ. ಹಾಗಾದರೆ ಯಂತ್ರಕ್ಕೆ ತೆರೆಯಲಾಗದಂತೆ ವಾಲ್ವನ್ನು ಮೊದಲೇ ಕೈಯಿಂದ ಬಿಗಿದಿಟ್ಟಿತ್ತು, ವಾಲ್ವ್‌ಮನ್ ಅದನ್ನು ಮರೆತು, ಕಿವಿಯನ್ನೂ ಹಚ್ಚದೆ ಕೂಗಿದ್ದಾನೆ ಎಂದಾಯಿತು. ಲಾಡ್ಲೇಸಾಬನ ವಿಚಾರಣೆ ಸೋಮವಾರಕ್ಕೆ ಗೊತ್ತಾಯಿತು. ತಪ್ಪು ರುಜುವಾದರೆ ಕೆಲಸ ಹೋಗುತ್ತದೆ. ಓಣಿಯವರು ಅದಕ್ಕೂ ಕಾಯಲಿಲ್ಲ. ಅವನ ಮನೆಯ ಮುಂದೆ ನಿಂತು ಉಗಿದು ಹೋಗುತ್ತಿದ್ದರು.

ಅದೇ ಶುಕ್ರವಾರ ಹನ್ನೆರಡೂವರೆಗೆ ಅಂಬಾರಾಯ ಮೈಯೆಲ್ಲ ಎಚ್ಚರವಾಗಿ ಕೂತ. ಮೌಸು ಮುಟ್ಟಲಿಲ್ಲ. ಒಂದೊಂದೇ ಎಣಿಸುತ್ತ ಹದಿನಾಲ್ಕು ಸಲ ಒತ್ತಿದ. ಕೊನೆಯಲ್ಲಿ ನಾಲ್ಕು. ಬೆರಳು ಎಂಟರ್ ಮೇಲೆ ಹೋಗಿ ಯಾಕೋ ನಿಂತಿತು. ಕೆಳಮುಖದ ಬಾಣವನ್ನು ಒಮ್ಮೆ ಒತ್ತಿ, ಮುಂದಿನ ಸಾಲು ನೋಡಿದ. ಅದರ ಕೊನೆಯಲ್ಲೂ ನಾಲ್ಕು. ತೆರೆಯುವುದು ಒಂದು, ಮುಚ್ಚುವುದು ಒಂದು, ಸರಿಯೇ. ಆದರೆ ಎರಡು ಸಾಲುಗಳೂ ಅಕ್ಷರಕ್ಕೆ ಅಕ್ಷರ ಒಂದೇ ಥರ ಕಂಡವು.

ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಆ ಪದವನ್ನು ಗೀಚಿಕೊಂಡ. ಎಸ್, ಎಚ್, ಯು, ಟಿ. ನಾಲ್ಕು ಅಕ್ಷರ. ಮೂರು ವರ್ಷದಿಂದ ಕಣ್ಣ ಮುಂದಿದ್ದ ಪದವನ್ನು ಮೊದಲ ಸಲ ಬಾಯಿಬಿಟ್ಟು ಓದಿದ. ಶಟ್. ನಿನ್ನೆ ಹನ್ನೆರಡೂವರೆಗೆ ಅವನು ಮುಚ್ಚಿದ್ದ. ಎರಡು ಗಂಟೆಗೆ ಮತ್ತೊಮ್ಮೆ ಮುಚ್ಚಿದ್ದ. ತೆರೆದೇ ಇರಲಿಲ್ಲ. ಯಂತ್ರ ಎರಡಕ್ಕೂ 'ಓಕೆ' ಎಂದಿತ್ತು. ಹೇಳಿದ್ದನ್ನು ಮಾಡಿದ್ದೇನೆ ಎಂದಷ್ಟೇ ಅದರ ಅರ್ಥ.

ಮೊದಲಿನ ಸಾಲಿಗೆ ಮರಳಿ, ಅಲ್ಲಿಂದ ಇನ್ನೂ ಹದಿನಾಲ್ಕು ಮೇಲೆ ಹೋಗಿ, ಓಪನ್ ಎಂದು ಕೂಡಿಸಿ ಓದಿ, ಅಂದಿನ ನೀರು ಬಿಟ್ಟ. ಆಮೇಲೆ ಮೌಸಿನ ಗಾಲಿಯನ್ನು ಒಂದೇ ಒಂದು ಕಚ್ಚು ತಿರುಗಿಸಿದ. ಕೆಳಗಿನ ಸಾಲಿನಲ್ಲಿ ಹಳೆಯ ಆಜ್ಞೆಯೊಂದು ಬಂದು ನಿಂತಿತು, ಮೂರು ಮೆಟ್ಟಿಲು ಮೇಲಿನದು. ಇನ್ನೊಂದು ಕಚ್ಚು, ಇನ್ನು ಮೂರು. ಮೇಡಂ ಕೂರಿಸಿದ ಒಳಗಿನ ಟರ್ಮಿನಲ್ ಗಾಲಿಯನ್ನು ಗಾಲಿ ಎಂದು ಅರಿಯುತ್ತಿರಲಿಲ್ಲ. ಅದಕ್ಕೆ ಗಾಲಿಯ ಒಂದು ಕಚ್ಚು ಎಂದರೆ ಮೂರು ಸಲ ಬಾಣ ಒತ್ತಿದಂತೆ. ನಿನ್ನೆ ಸಿಟ್ಟಿನಲ್ಲಿ ಒಂಬತ್ತು ಕಚ್ಚು ತಿರುಗಿಸಿರಬೇಕು: ಇಪ್ಪತ್ತೇಳು ಮೆಟ್ಟಿಲು. ಅದರ ಮೇಲೆ ತಾನು ಒತ್ತಿದ್ದು ಹದಿನಾಲ್ಕು. ನಲವತ್ತೊಂದು. ನಲವತ್ತೆರಡಾಗಿದ್ದರೆ ಮೂರು ದಿನ ಹಿಂದಿನ ತೆರೆಯುವ ಆಜ್ಞೆ ಸಿಗುತ್ತಿತ್ತು. ಒಂದು ಕಡಿಮೆ ಬಿದ್ದು ಮುಚ್ಚುವುದು ಸಿಕ್ಕಿತ್ತು, ಕೊನೆಯಲ್ಲಿ ಅದೇ ನಾಲ್ಕು ಹೊತ್ತುಕೊಂಡು.

ಅವನಿಗೆ ಮೊದಲು ಬಂದದ್ದು ಸಿಟ್ಟೇ. ಮೇಡಂ ಮೇಲೆ, ಮೌಸಿನ ಮೇಲೆ, ಬೇಕಾದ್ದಕ್ಕೂ ಬೇಡದ್ದಕ್ಕೂ ಒಂದೇ ಉತ್ತರ ಕೊಡುವ ಯಂತ್ರದ ಮೇಲೆ, ಬಂಡೆವಾಡಿಯ ನೀರನ್ನು ಇಂಗ್ಲಿಷಿನಲ್ಲಿ ಯಾಕೆ ಬಿಡಬೇಕು ಎಂದು ಯಾರೂ ಕೇಳದ ಈ ರಾಜ್ಯದ ಮೇಲೆ. ಎಲ್ಲರನ್ನೂ ಬೈದು ಮುಗಿದ ಮೇಲೆ ಕಿವಿಯಲ್ಲಿ ಉಳಿದದ್ದು ಫೋನಿಟ್ಟ ಸದ್ದು. ಅದಕ್ಕೆ ಬೈಯಲು ಯಾರೂ ಸಿಗಲಿಲ್ಲ.

ಶನಿವಾರ ಹೇಳಲಿಲ್ಲ. ಭಾನುವಾರ ಸಂಜೆ ಮನೆಗೆ ಬಂದಾಗ ಶಿವಲೀಲಾ ಕಾಶೀಬಾಯಿಗೆ ಗಂಜಿ ಕೊಟ್ಟು ಬಂದಿದ್ದಳು. ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತ ಹೇಳಿದಳು. ಕಾಶೀಬಾಯಿಗೆ ಬಲಗೈ ಎತ್ತಲು ಬರುತ್ತಿಲ್ಲ, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ರೊಟ್ಟಿ ತಟ್ಟುವಂತೆ ಮಾಡಿ ತೋರಿಸಿ ಅತ್ತಳು ಎಂದಳು. ಆ ಮುದುಕ ಸಾಬ ಕಣ್ಣು ಮುಚ್ಚಿಕೊಂಡು ಕೂಗಿದ್ದಕ್ಕೆ ಹೀಗಾಯಿತು ನೋಡು ಎಂದಳು.

ಅಂಬಾರಾಯ ಗೋಡೆಗೆ ತಿರುಗಲು ಹೋಗಿ ತಿರುಗಲಿಲ್ಲ. ಕೂತಲ್ಲೇ ಎಲ್ಲ ಹೇಳಿದ. ಗಾಲಿ, ಹದಿನಾಲ್ಕು, ನಲವತ್ತೊಂದು. ಟೈಪ್ ಮಾಡಲು ಬಾರದ್ದು, ಇಂಗ್ಲಿಷ್ ಓದಲು ಬಾರದ್ದು. ಅದನ್ನು ಹೇಳುವಾಗ ಧ್ವನಿ ಎಷ್ಟು ಸಣ್ಣದಾಯಿತೆಂದರೆ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಬೇಕಾಯಿತು.

ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ನಿಮಗ ಇಂಗ್ಲಿಷ್ ಓದ್ಲಾಕ ಬರಲ್ಲ ಅನ್ನೂದು ನನಗ ಮದುವಿ ಆದ ತಿಂಗಳದಾಗೇ ಗೊತ್ತಾಗ್ಯಾದ," ಎಂದಳು. "ಅದಕ್ಕೇನ್ ನಾ ಒಂದಿನ ನಿಮಗ ಕಡಿಮಿ ಮಾಡೀನೇನು? ಇನ್ನೊಬ್ಬರ ಮ್ಯಾಲ ಹಾಕಿ ಸುಮ್ನ ಕೂಡ್ಲಾಕ ಬರ್ತದ ಅನ್ನೂದು ಗೊತ್ತಿರ್ಲಿಲ್ಲ ನೋಡ್ರಿ."

ಮೊರ ಎತ್ತಿಕೊಂಡು ಒಳಗೆ ಹೋದಳು. ಅಂಬಾರಾಯನ ಅಡಿಯ ಕಲ್ಲು ತಣ್ಣಗಿತ್ತು. ಮೂರು ವರ್ಷ ಯಾವುದನ್ನು ಮುಚ್ಚಿಡಲು ಪಾಡುಪಟ್ಟನೋ ಅದನ್ನು ಅವಳು ಮಡಿಚಿಟ್ಟ ಬಟ್ಟೆಯಂತೆ ಮನೆಯಲ್ಲೇ ಇಟ್ಟುಕೊಂಡಿದ್ದಳು. ಆ ನಾಚಿಕೆಗೆ ಬೆಲೆಯೇ ಇರಲಿಲ್ಲ. ಅಂಥದ್ದಕ್ಕಾಗಿ ಕಾಶೀಬಾಯಿಯ ಕೈ ಹೋಗಿತ್ತು.

ಸೋಮವಾರ ಹತ್ತು ಗಂಟೆಗೆ ವಿಚಾರಣೆ ಕಂಟ್ರೋಲ್ ರೂಮಿನಲ್ಲೇ ನಡೆಯಿತು. ವಸುಧಾ ಮೇಡಂ, ಮಂಡಳಿಯ ಇಬ್ಬರು, ಗೋಡೆಗೆ ಆನಿಸಿಕೊಂಡು ಲಾಡ್ಲೇಸಾಬ್. ಟೋಪಿ ಕೈಯಲ್ಲಿ ಹಿಡಿದಿದ್ದ. ನಾಲ್ಕೇ ದಿನದಲ್ಲಿ ಕುತ್ತಿಗೆ ತೆಳ್ಳಗಾಗಿತ್ತು. ಏನು ನಡೆಯಿತು ಹೇಳಿ ಎಂದು ಮೇಡಂ ಕೇಳಿದರು. ಲಾಡ್ಲೇಸಾಬ್ ಜಗಳಾಡುತ್ತಾನೆ, ತನ್ನ ಮೂರು ಫೋನಿನ ಮಾತು ಎತ್ತುತ್ತಾನೆ, ಆಗ ತಾನೂ ಹೇಳುತ್ತೇನೆ ಎಂದು ಅಂಬಾರಾಯ ಕಾದು ನಿಂತಿದ್ದ.

"ನೀರ್ ಬಂದಿರಬೇಕ್ರಿ ಮೇಡಂ, ನನಗೇ ಕೇಳ್ಸಿಲ್ಲ," ಎಂದ ಲಾಡ್ಲೇಸಾಬ್. "ವಾಲ್ವೂ ನಾನೇ ಬಂದ್ ಮಾಡಿ ಮರ್ತಿರಬೇಕು. ನೆನಪಿಲ್ರಿ. ಯಂತ್ರ ಸುಳ್ಳ್ ಹೇಳಲ್ಲ, ಹುಡುಗನೂ ಹೇಳಲ್ಲ. ಎಲ್ಲಿ ಸಹಿ ಮಾಡ್ಲಿ ಹೇಳ್ರಿ."

ಸುಳ್ಳನ್ನು ಮುದುಕ ನಂಬಿಬಿಟ್ಟಿದ್ದ. ಮಾಡದ ತಪ್ಪನ್ನು ಯಾವಾಗ ಮಾಡಿದೆನೋ ಎಂದು ನಾಲ್ಕು ದಿನ ತನ್ನೊಳಗೇ ಹುಡುಕಿ, ಸಿಗದೆ, ಮರೆತಿರಬೇಕು ಎಂದು ಒಪ್ಪಿಕೊಳ್ಳಲು ಬಂದಿದ್ದ.

ಅಂಬಾರಾಯ ನಡುವೆ ಬಂದು ನಿಂತ. ಹೇಳುವ ಬದಲು ಕುರ್ಚಿಗೆ ಕೂತು ಮೌಸಿನ ಗಾಲಿ ತಿರುಗಿಸಿದ. ಕೆಳಗಿನ ಸಾಲಿನಲ್ಲಿ ಹಳೆಯ ಆಜ್ಞೆಗಳು ಮೇಲಕ್ಕೆ ನಡೆದವು. ಬೆರಳಿಟ್ಟು ಗುರುವಾರದ ಎರಡು ಶಟ್‌ಗಳನ್ನು ತೋರಿಸಿದ. ತನಗೆ ಟೈಪ್ ಮಾಡಲು ಬರುವುದಿಲ್ಲ ಎಂದ, ಇಂಗ್ಲಿಷ್ ಓದಲು ಬರುವುದಿಲ್ಲ ಎಂದ, ಗಾಲಿ ಕೆಟ್ಟದ್ದು ಹೋದ ಸೋಮವಾರವೇ ಗೊತ್ತಿತ್ತು ಎಂದ. ಕಾಕಾ ಮೂರು ಸಲ ಫೋನು ಮಾಡಿ ನೀರಿಲ್ಲ ಎಂದಿದ್ದರು, ಕೂಗಿರೆಂದು ಬೈದವನು ತಾನೇ ಎಂದ. ಶುಕ್ರವಾರದಿಂದ ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ ಎಂದ.

ವಸುಧಾ ಮೇಡಂ ಎದ್ದು ಬಂದರು. ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು ಯಾವುದೋ ಕಡತ ತೆರೆದು ಒಂದು ಸಾಲು ಬರೆದರು. ಒಂದೇ ಸಾಲು, ನಾಲ್ಕು ಸಣ್ಣ ಪದ. ಉಳಿಸಿ, ಗಾಲಿ ತಿರುಗಿಸಿದರು. ಪರದೆ ಸರಿಯಿತು. ಒತ್ತಡದ ಲೆಕ್ಕವೆಲ್ಲ ಕೆಳಗಿಳಿದು ಬಂತು, ಗುರುವಾರ ಹನ್ನೆರಡೂವರೆಯದೂ. ನಾಲ್ಕನೇ ವಾರ್ಡಿನೆದುರು ಸೊನ್ನೆ ಇತ್ತು. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

"ನಾನೂ ಕೊನೇಲಿ ಓಕೆ ಇದೆಯಾ ಅಂತ ಮಾತ್ರ ನೋಡ್ದೆ," ಎಂದರು ಮೇಡಂ, ಯಾರಿಗೆಂದು ತಿಳಿಯದ ಹಾಗೆ. ಅವರ ಮುಖ ಕೆಂಪಗಾಗಿತ್ತು.

ಲಾಡ್ಲೇಸಾಬ್ ಟೋಪಿ ಹಾಕಿಕೊಂಡು ಹೊರಗೆ ನಡೆದ. ಅಂಬಾರಾಯ ಹಿಂದೆಯೇ ಓಡಿ ಮೆಟ್ಟಿಲ ಮೇಲೆ ಕಾಲು ಮುಟ್ಟಲು ಬಾಗಿದ. ಮುದುಕ ಕಾಲು ಹಿಂದಕ್ಕೆ ತೆಗೆದುಕೊಂಡ. ಬೈಯಲಿಲ್ಲ.

"ನನ್ ಕಿವಿ ನೀರಿಲ್ಲ ನೀರಿಲ್ಲ ಅಂತ ಹೇಳ್ತಿತ್ತೋ ಅಂಬ್ಯಾ," ಎಂದ. "ನೀ ಬಿಟ್ಟೀನಿ ಅಂದಿ. ನಾ ಕಿವೀನೇ ಸುಳ್ಳ್ ಮಾಡ್ದೆ. ಕಾಶೀಬಾಯಿ ನನ್ ಕೂಗಿಗೆ ಬಾಗ್ಲಾ ಹಾಕ್ಯಾಳಲ್ಲೋ, ನಿನ್ ಓಕೆಗಲ್ಲ."

ಮಂಡಳಿ ಅಂಬಾರಾಯನನ್ನು ಕಂಟ್ರೋಲ್ ರೂಮಿನಿಂದ ತೆಗೆದು ನಾಲ್ಕನೇ ವಾರ್ಡಿಗೆ ವಾಲ್ವಿನ ಕೆಲಸಕ್ಕೆ ಹಾಕಿತು, ಲಾಡ್ಲೇಸಾಬನ ಕೈಕೆಳಗೇ. ಹೊಸ ಹುದ್ದೆಯ ಮೊದಲ ದಿನ ಓಣಿಯವರು ಅವನನ್ನು ನೋಡಿ ಬಾಗಿಲಲ್ಲೇ ಮಾತು ನಿಲ್ಲಿಸಿದರು. ಕಾಶೀಬಾಯಿಯ ಮನೆಯ ಮುರಿದ ಬಾಗಿಲಿಗೆ ಹೊಸ ಹಲಗೆ ಬಡಿದಿತ್ತು. ಅವಳು ಹೊಸ್ತಿಲಲ್ಲಿ ಕೂತು ಎಡಗೈಯಿಂದ ಬಲಗೈಯ ಬೆರಳು ಒಂದೊಂದನ್ನೇ ಬಿಡಿಸುತ್ತಿದ್ದಳು. ಅಂಬಾರಾಯ ಅವಳೆದುರು ನಿಂತು ಕೈ ಜೋಡಿಸಿದ. ಅವಳು ನೋಡಿದಳು, ಮತ್ತೆ ಬೆರಳಿನ ಕಡೆ ತಿರುಗಿದಳು.

ಹನ್ನೆರಡೂವರೆಗೆ ಅವನು ಕೊಳವೆಯ ಮುಂದೆ ಮೊಣಕಾಲೂರಿದ. ಕಾದ ಕಬ್ಬಿಣ ಕಿವಿಯನ್ನು ಸುಟ್ಟಿತು. ಆಳದಲ್ಲಿ ಮೊದಲು ಏನೂ ಇಲ್ಲ, ಆಮೇಲೆ ಎಲ್ಲಿಂದಲೋ ಸಣ್ಣ ಉಸಿರು, ಆಮೇಲೆ ನೀರು. ಗಟ್ಟಿಯಾಗಿ, ತಪ್ಪಿಲ್ಲದೆ, ತುಂಬಿಕೊಂಡು ಬರುತ್ತಿದ್ದ ನೀರು. ಅವನು ತಲೆಯೆತ್ತಿದ.

"ಬಂತ್ರಿ ಕಾಕಾ."

ಲಾಡ್ಲೇಸಾಬ್ ಅವನ ಕಡೆ ನೋಡಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸೊಂಟ ಹಿಡಿದುಕೊಂಡು ನಿಧಾನ ಬಾಗಿ, ಅಂಬಾರಾಯ ಈಗಷ್ಟೇ ಕಿವಿ ಹಚ್ಚಿದ್ದ ಜಾಗಕ್ಕೆ ತನ್ನ ಕಿವಿ ಹಚ್ಚಿದ. ಓಣಿಯ ತುಂಬ ಜನ ತೆರೆದ ಬಾಗಿಲುಗಳಲ್ಲಿ ಕಾಯುತ್ತ ಕೂತಿದ್ದರು.